ಡ್ರಮ್ಮಿಗೆ ಎಣ್ಣೆ ಹಚ್ಚಿದ ಅತ್ತೆ

ನನಗೆ ತುಕ್ಕು ಕಂಡರೆ ಆಗುವುದಿಲ್ಲ. ಇದು ಹುಟ್ಟುಗುಣವಲ್ಲ, ಸಂಬಳದ ಗುಣ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿ ಕಳಿಸಿದ ಕಬ್ಬಿಣದ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು ನೋಡಿ, ಸಾಸಿವೆ ಕಾಳಿನಷ್ಟು ಕೆಂಪು ಕಂಡರೂ ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಈ ಚಾಳಿ ಮನೆಗೂ ಬಂದಿದೆ. ಗೇಟು, ಕಿಟಕಿ ಸರಳು, ಹೆಂಡತಿಯ ಈಳಿಗೆಮಣೆ ಯಾವುದನ್ನೂ ನಾನು ಸುಮ್ಮನೆ ಬಿಟ್ಟವನಲ್ಲ. ಅಂಥವನ ಮನೆಯ ಕಾಂಪೌಂಡಿನಲ್ಲಿ, ತುಮಕೂರಿನ ಶೆಟ್ಟಿಹಳ್ಳಿಯ ರಸ್ತೆಯಲ್ಲಿ ಹಾದುಹೋಗುವವರಿಗೆಲ್ಲ ಕಾಣುವಂತೆ, ಒಂದು ಕಬ್ಬಿಣದ ಡ್ರಮ್ಮು ಮಳೆಯಲ್ಲಿ ನೆನೆದು ಕೆಂಪಗೆ ಸಿಪ್ಪೆ ಏಳುತ್ತಾ ನಿಂತಿತ್ತು ಎಂದರೆ ನನ್ನ ಹೊಟ್ಟೆ ಎಷ್ಟು ಉರಿದಿರಬೇಕು, ನೀವೇ ಯೋಚಿಸಿ.

ಒಳಗೆ ತಂದು ಇಟ್ಟುಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಇಟ್ಟುಕೊಳ್ಳುವ ಹಾಗಿರಲಿಲ್ಲ.

ನಾನು ಕುಣಿಗಲ್ಲಿನವನು. ಭಾನುವಾರ ಮಾಂಸ ಬೇಯಲಿಲ್ಲ ಎಂದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಅಕ್ಕಪಕ್ಕದವರು ವಿಚಾರಿಸಿಕೊಂಡು ಬರುವಂಥ ಮನೆತನ ನಮ್ಮದು. ನನ್ನ ಹೆಂಡತಿ ಗುಬ್ಬಿ ಕಡೆಯವಳು. ಕೊರಳಲ್ಲಿ ಲಿಂಗ ಧರಿಸುವ, ಮೊಟ್ಟೆ ಮಾರುವ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳಲೂ ಹಿಂದೆಮುಂದೆ ನೋಡುವ ಮನೆತನ ಅವಳದು. ತುಮಕೂರಿನಲ್ಲಿ ಓದುವಾಗ ಒಬ್ಬರನ್ನೊಬ್ಬರು ಮೆಚ್ಚಿಕೊಂಡೆವು, ಮದುವೆಯಾದೆವು. ಮದುವೆಯ ದಿನವೇ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಹೊಸ್ತಿಲಿನ ಒಳಗೆ ಅವಳ ರಾಜ್ಯ, ಅಲ್ಲಿ ಮಾಂಸವಾಗಲಿ ಮಾಂಸ ಬೆಂದ ಪಾತ್ರೆಯಾಗಲಿ ಬರಕೂಡದು. ಹೊಸ್ತಿಲಿನ ಹೊರಗೆ, ಕಾಂಪೌಂಡಿನೊಳಗೆ, ನಾನು ಏನು ಬೇಕಾದರೂ ಬೇಯಿಸಿಕೊಳ್ಳಬಹುದು. ಕೈಕಾಲು ತೊಳೆದರೆ ಸಾಲದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ನಾನು ಒಪ್ಪಿದೆ. ಆ ವಯಸ್ಸಿನಲ್ಲಿ ಅವಳು ಗುಡ್ಡ ಹತ್ತಿ ಇಳಿ ಎಂದಿದ್ದರೂ ಒಪ್ಪುತ್ತಿದ್ದೆ.

ಹಾಗಾಗಿ ಬಹಳ ವರ್ಷ ಮೂರು ಕಲ್ಲಿನ ಮೇಲೆ ಪಾತ್ರೆ ಇಟ್ಟು, ಕಣ್ಣಿಗೆ ಹೊಗೆ ತುಂಬಿಸಿಕೊಂಡು ಬೇಯಿಸಿದೆ. ಆಮೇಲೆ ಒಂದು ದಿನ ಫೋನಿನಲ್ಲಿ ಯಾವುದೋ ದೇಶದ ದಪ್ಪ ಮನುಷ್ಯನೊಬ್ಬ ಒಂದು ಡ್ರಮ್ಮಿನೊಳಗೆ ಮಾಂಸವನ್ನು ಬೆಂಕಿಗೆ ತಾಕಿಸದೆ, ಬರೀ ಬಿಸಿ ಹೊಗೆಯಲ್ಲಿ ಹೊತ್ತು ಮುಳುಗುವವರೆಗೆ ಬೇಯಿಸುವುದನ್ನು ನೋಡಿದೆ. ಅವನು ಅದನ್ನು ಸ್ಮೋಕರ್ ಎನ್ನುತ್ತಿದ್ದ. ನನಗೆ ಹುಚ್ಚು ಹಿಡಿಯಿತು. ಕುಣಿಗಲ್ಲಿನಲ್ಲಿರುವ ನನ್ನ ಅಣ್ಣನಿಗೆ ಆ ವಿಡಿಯೋ ಕಳಿಸಿದೆ. ಅಣ್ಣ ಉತ್ತರ ಬರೆಯುವ ಜಾತಿಯವನಲ್ಲ. ಒಂದು ಭಾನುವಾರ ಲಗೇಜ್ ಆಟೋದಲ್ಲಿ ಅಂಥದ್ದನ್ನೇ ಹೇರಿಕೊಂಡು ಬಂದು ಗೇಟಿನ ಮುಂದೆ ಇಳಿಸಿದ. ಎಣ್ಣೆ ಬರುವ ದೊಡ್ಡ ಡ್ರಮ್ಮನ್ನು ಅಡ್ಡ ಮಲಗಿಸಿ, ಉದ್ದಕ್ಕೆ ಕೊಯ್ಯಿಸಿ, ಮೇಲಿನ ಅರ್ಧಕ್ಕೆ ಕೀಲು ಹಾಕಿಸಿ ಮುಚ್ಚಳ ಮಾಡಿಸಿದ್ದ. ನಾಲ್ಕು ಕಾಲು. ಹಿಂದೆ ಸೌದೆ ಉರಿಸಲು ಒಂದು ಪೆಟ್ಟಿಗೆ, ಮುಂದೆ ಹೊಗೆ ಹೋಗಲು ಒಂದು ಗಿಡ್ಡ ಕೊಳವೆ. ಮೈತುಂಬ ಕಪ್ಪು ಬಣ್ಣ.

"ತಗಳ್ಳಾ, ಇನ್ನೇನ್ ಬೇಕು ನಿಂಗೆ?" ಎಂದ ಅಣ್ಣ. "ಮಳೆಗೆ ಮಾತ್ರ ಬುಡ್ಬೇಡ ಕಣ್ಲಾ. ಕಬ್ಬಿಣ ಅದು."

ಕಬ್ಬಿಣದ ವಿಚಾರ ನನಗೇ ಹೇಳಿಕೊಡಲು ಬಂದ! ನಾನು ನಕ್ಕೆ.

ಮೊದಮೊದಲು ಎಲ್ಲವೂ ಚೆನ್ನಾಗಿತ್ತು. ಜಾಲಿ ಸೌದೆ, ಒಂದೆರಡು ತೆಂಗಿನ ಕರಟ, ಉಪ್ಪು ಮೆಣಸು ತಿಕ್ಕಿದ ಮೇಕೆ ತೊಡೆ. ಬೆಳಿಗ್ಗೆ ಮುಚ್ಚಿದರೆ ಮಧ್ಯಾಹ್ನ ದಾಟಿದ ಮೇಲೆ ತೆರೆಯುವುದು. ಮೂಳೆಯಿಂದ ಮಾಂಸ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಹೆಂಡತಿ ಕಿಟಕಿಗಳನ್ನೆಲ್ಲ ಜಡಿದುಕೊಂಡು ಒಳಗೆ ಕೂರುತ್ತಿದ್ದಳು. ಎದುರು ಮನೆಯ ಯಜಮಾನರು ಮಾತ್ರ ಏನೋ ಕೇಳುವ ನೆಪದಲ್ಲಿ ತಟ್ಟೆ ಹಿಡಿದೇ ಬರುತ್ತಿದ್ದರು.

ಆಮೇಲೆ ಶ್ರಾವಣ ಬಂತು. ನಮ್ಮ ಮನೆಯಲ್ಲಿ ಶ್ರಾವಣ ಮಾಸ ಮಾಂಸ ಮುಟ್ಟುವುದಿಲ್ಲ. ವಾರವಾರ ಉರಿಯುತ್ತಿದ್ದರೆ ಆ ಬಿಸಿಗೆ, ಆ ಕೊಬ್ಬಿನ ಜಿಡ್ಡಿಗೆ ಡ್ರಮ್ಮು ತನ್ನ ಮೈಯನ್ನು ತಾನೇ ನೋಡಿಕೊಳ್ಳುತ್ತಿತ್ತು. ಆದರೆ ಮಳೆ ಸುರಿಯುವ ತಿಂಗಳಲ್ಲೇ ನಮಗೆ ಭಕ್ತಿ ಬರುತ್ತದೆ. ನಮಗೆ ಭಕ್ತಿ ಬಂದ ತಿಂಗಳಲ್ಲೇ ಅದಕ್ಕೆ ತುಕ್ಕು ಬರುತ್ತದೆ. ಗಣೇಶನನ್ನು ನೀರಿಗೆ ಬಿಟ್ಟು ಬಂದು ಮುಚ್ಚಳಕ್ಕೆ ಕೈ ಹಾಕಿದರೆ ಅದು ಏಳಲೇ ಇಲ್ಲ. ಕೀಲು ಕಚ್ಚಿಕೊಂಡಿತ್ತು. ಒದ್ದು, ಬೈದು, ಹಾರೆ ಹಾಕಿ ಎಬ್ಬಿಸಿದೆ. ಪೆಟ್ಟಿಗೆಯಿಂದ ಒಳಗೆ ಹಾರಿ ಬಂದು ತಳದಲ್ಲಿ ಸೇರಿದ್ದ ಬೂದಿ ಕೊಳವೆಯಿಂದ ಇಳಿದ ನೀರು ಕುಡಿದು ಗಾರೆಯಂತೆ ಗಟ್ಟಿಯಾಗಿ ಕಬ್ಬಿಣವನ್ನು ತಿನ್ನುತ್ತಾ ಕೂತಿತ್ತು.

ಮುಂದಿನ ವರ್ಷ ಬುದ್ಧಿವಂತನಾದೆ. ಕ್ಯಾತ್ಸಂದ್ರದ ಹತ್ತಿರ ಹೆದ್ದಾರಿ ಬದಿಯ ಹೋಟೆಲಿನವರು ಕಳಚಿ ಹಾಕಿದ್ದ ಒಂದು ಫ್ಲೆಕ್ಸ್ ತಂದು ಹೊದಿಸಿದೆ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ನಡುವೆ ಕೈ ಮುಗಿದು ನಗುತ್ತಿರುವ ಒಬ್ಬರು, ಸುತ್ತ ಶುಭ ಕೋರುವ ಸಣ್ಣಸಣ್ಣ ಮುಖಗಳು. ಮಳೆಯ ಒಂದು ಹನಿಯೂ ಒಳಗೆ ಹೋಗದಂತೆ ಹಗ್ಗ ಬಿಗಿದು ಮೀಸೆ ತಿರುವಿದೆ. ಹೊರಗಿನ ನೀರು ಒಳಗೆ ಹೋಗಲಿಲ್ಲ, ನಿಜ. ಒಳಗಿನ ಆವಿಯೂ ಹೊರಗೆ ಹೋಗಲಿಲ್ಲ. ಡ್ರಮ್ಮು ಆ ನಗುಮುಖದ ಅಡಿಯಲ್ಲಿ ಹಗಲೆಲ್ಲ ಬೆವರಿ, ರಾತ್ರಿಯೆಲ್ಲ ತಣ್ಣಗಾಗಿ, ಬಿಚ್ಚಿದಾಗ ಹಿಂದಿನ ವರ್ಷಕ್ಕಿಂತ ಕೆಂಪಾಗಿತ್ತು. ಗೇಟಿಗೆ ಬಳಿದು ಉಳಿದಿದ್ದ ಬೆಳ್ಳಿ ಬಣ್ಣ ಹಚ್ಚಿದೆ. ಮೊದಲ ಬೆಂಕಿಗೇ ಅದು ಹಪ್ಪಳದಂತೆ ಎದ್ದು ಉದುರಿತು. ಆ ಭಾನುವಾರದ ಮಾಂಸವನ್ನು ಎದುರು ಮನೆಯವರೂ ತಿನ್ನಲಿಲ್ಲ.

ಮೂರನೇ ವರ್ಷ ನನಗೆ ಹಟ ಬಂತು. ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ಹೊಳೆಯಿಸಿ, ಬಿಸಿ ತಡೆಯುವ ಕಪ್ಪು ಬಣ್ಣ ತರಿಸಿ ಹೊಡೆದೆ. ತಳದಲ್ಲಿ ನೀರು ಬಸಿಯಲು ತೂತು ಕೊರೆದೆ. ಕಾಲುಗಳು ನೆಲದ ತೇವ ಹೀರದಂತೆ ಎತ್ತರಕ್ಕೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ ಅದರ ಮೇಲೆ ನಿಲ್ಲಿಸಿದೆ. ಕೊಳವೆಗೆ ಒಂದು ಕರಟ ಕವುಚಿ ಹಾಕಿದೆ. ಗಾಳಿಯಾಡಲು ನಾಲ್ಕೂ ಕಡೆ ತೆರೆದಿಟ್ಟು, ನಾಲ್ಕು ಕಂಬದ ಮೇಲೆ ಜಿಂಕ್ ಶೀಟು ಹಾಕಿಸಿದೆ. ನೀರು ಎರಡೂ ಕಡೆ ಇಳಿಯಲಿ ಎಂದು ಶೀಟನ್ನು ನಡುವೆ ಎತ್ತರ ಮಾಡಿಸಿದೆ.

"ಗುಡಿ ಥರಾ ಆಯ್ತು ಕಣ್ರೀ," ಎಂದಳು ಹೆಂಡತಿ.

ಆಯುಧಪೂಜೆಯ ದಿನ ಬೈಕು, ಮಿಕ್ಸಿ, ಸ್ಪ್ಯಾನರ್ ಎಲ್ಲಕ್ಕೂ ವಿಭೂತಿ ಹಚ್ಚುತ್ತಾ ಬಂದವಳು ಡ್ರಮ್ಮಿನ ಮುಂದೆ ಒಂದು ಗಳಿಗೆ ನಿಂತಳು. ಮುಟ್ಟುವುದೋ ಬೇಡವೋ ಎಂಬ ಯೋಚನೆ. ಕೊನೆಗೆ ಹೊಸ ಬಣ್ಣ ಹೊಡೆದ ಮೇಲೆ ಇನ್ನೂ ಬೆಂಕಿ ಹಚ್ಚಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಗೇಟಿನ ಕಡೆಗಿದ್ದ ಅದರ ದುಂಡು ಮುಖಕ್ಕೆ ಮೂರು ಬೆರಳಲ್ಲಿ ದಪ್ಪಗೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಕೊಳವೆಗೆ ಚೆಂಡುಹೂವಿನ ಹಾರ ಹಾಕಿದಳು. ಆ ವಿಭೂತಿಯನ್ನು ಯಾರೂ ಅಳಿಸಲಿಲ್ಲ. ಮುಂದಿನ ಭಾನುವಾರಗಳಲ್ಲಿ ಬೆಂಕಿ ಹಚ್ಚಿದರೂ ಮುಖದ ಕಡೆ ಅಷ್ಟು ಬಿಸಿ ಬಾರದೆ ಅದು ಹಾಗೇ ಉಳಿಯಿತು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಸಂಜೆ ಗುಬ್ಬಿಯಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ನಾಳೆ ತುಮಕೂರಿನ ಆಸ್ಪತ್ರೆಗೆ ಕರೆತರುತ್ತೇನೆ, ಸಂಜೆಗೆ ವಾಪಸ್ಸು, ದಾರಿಯಲ್ಲಿ ನಿಮ್ಮ ಮನೆಗೊಮ್ಮೆ ಬಂದು ಹೋಗಲು ಅಮ್ಮ ಒಪ್ಪಿದ್ದಾರೆ ಎಂದ. ಹೆಂಡತಿ ಫೋನು ಇಟ್ಟವಳೇ ಪೊರಕೆ ಕೈಗೆ ತೆಗೆದುಕೊಂಡಳು. ಮದುವೆಯಾದಂದಿನಿಂದ ಅತ್ತೆ ನಮ್ಮ ಮನೆಯ ಕಡೆ ತಲೆ ಹಾಕಿರಲಿಲ್ಲ. ಹೆಂಡತಿ ಗುಬ್ಬಿಗೆ ಹೋಗಿ ಬರುತ್ತಿದ್ದಳು, ನಾನೂ ಹಬ್ಬಕ್ಕೆ ಹೋಗುತ್ತಿದ್ದೆ. ಊಟಕ್ಕೆ ಬಡಿಸುತ್ತಿದ್ದರು, ಮರ್ಯಾದೆಗೆ ಕಡಿಮೆ ಮಾಡುತ್ತಿರಲಿಲ್ಲ. ಆದರೆ ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ನಾನು ಎದುರಿಗೇ ಕೂತಿದ್ದರೂ "ಅವ್ರಿಗೆ ಇನ್ನೊಂಚೂರು ಅನ್ನ ಬೇಕಾ ಕೇಳೇ" ಎಂದು ಮಗಳ ಮೂಲಕ ಕೇಳಿಸುತ್ತಿದ್ದರು. ನಾನೂ "ಸಾಕಂತೆ ಹೇಳು" ಎಂದು ಅದೇ ದಾರಿಯಲ್ಲಿ ಉತ್ತರ ಕಳಿಸುತ್ತಿದ್ದೆ.

ಆ ಭಾನುವಾರವೂ ಮಾಂಸ ಬೆಂದಿತ್ತು. ಡ್ರಮ್ಮು ಇನ್ನೂ ಬೆಚ್ಚಗಿತ್ತು. ಬೂದಿ ತೆಗೆಯಲೂ ಪುರುಸೊತ್ತಿಲ್ಲದೆ ಮುಚ್ಚಳ ಹಾಕಿ, ಹೊರಗೆ ಒರೆಸಿ, ಅಂಗಳ ತೊಳೆದೆವು.

ಮರುದಿನ ಅತ್ತೆ ಬಂದರು. ಅದು ಕಾರ್ತಿಕ ಸೋಮವಾರ. ಕೈಯಲ್ಲಿ ತಮ್ಮದೇ ತಟ್ಟೆ ಲೋಟದ ಚೀಲ, ಜೊತೆಗೆ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತಂದ ಒಂದು ಡಬ್ಬ ಎಣ್ಣೆ. ಮಗಳ ತೋಳು ಹಿಡಿದು ಗೇಟು ದಾಟಿದವರು ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟರು. ಬೂದುಬಣ್ಣಕ್ಕೆ ತಿರುಗಿದ್ದ ಕಣ್ಣನ್ನು ಕಿರಿದು ಮಾಡಿ ಮೂಲೆಯ ಕಡೆ ನೋಡಿದರು. ಕಲ್ಲಿನ ಕಟ್ಟೆ, ಮೇಲೆ ಮಾಡು, ನಾಲ್ಕು ಕಾಲಿನ ಮೇಲೆ ದುಂಡಗೆ ಕಪ್ಪನೆಯ ಮೈ, ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಒಣಗಿದ ಹೂವಿನ ಹಾರ. ಚೀಲವನ್ನು ಕೆಳಗಿಟ್ಟು ಎರಡೂ ಕೈ ಮುಗಿದರು.

"ಯಾವಾಗ್ ಮಾಡ್ಸುದ್ರೇ ಇದ್ನ? ಎಷ್ಟು ಲಕ್ಷಣವಾಗವ್ನೆ ಬಸವಪ್ಪ!"

ನಾನು ಹೆಂಡತಿಯನ್ನು ನೋಡಿದೆ. ಅವಳು ಆಕಾಶ ನೋಡಿದಳು. ನಾನು ಕೊಳವೆಯ ಮೇಲಿನ ಕರಟವನ್ನು ನೋಡಿದೆ. ಶಿವನ ಗುಡಿಯ ಮುಂದೆ ಕೂರುವ ಬಸವನಿಗೆ ಎರಡು ಕೊಂಬಿರುತ್ತವೆ, ಇದಕ್ಕೆ ಒಂದೇ ಇದೆ ಎಂದು ಆಗಲೇ ಹೇಳಬಹುದಿತ್ತು. 

"ನಾನೇನೋ ಅನ್ಕೊಂಡಿದ್ದೆ ಕಣೇ," ಎಂದರು ಅತ್ತೆ. "ಅವ್ರಿಗೂ ಭಕ್ತಿ ಅದೆ."

ಆ ಅವ್ರು, ಅಂದರೆ ನಾನು, ಕೈಗೆಟುಕುವಷ್ಟು ದೂರದಲ್ಲಿ ಬೆವರುತ್ತಾ ನಿಂತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಶುಗರ್ ಜಾಸ್ತಿಯಿದೆ, ಅದು ಹತೋಟಿಗೆ ಬಂದ ಮೇಲೆಯೇ ಆಪರೇಷನ್ನು, ಆಗಾಗ ಬಂದು ತೋರಿಸುತ್ತಿರಬೇಕು ಎಂದರು. ಅತ್ತೆ ಮಗನಿಗೆ ಹೇಳಿದರು: "ನೀನು ಹೋಗಪ್ಪ. ನಾನು ಇವ್ಳ ಮನೇಲಿ ಇರ್ತೀನಿ. ಬಸವಪ್ಪ ಇರೋ ಮನೆ, ಇರಬೌದು."

ಆ ಸಂಜೆ ಹೆಂಡತಿ ಅಡುಗೆಮನೆಯ ಬಾಗಿಲು ಮುಂದಕ್ಕೆ ಹಾಕಿ ನನ್ನ ತೋಳು ಹಿಡಿದಳು. "ಇಷ್ಟು ವರ್ಷ ಆದ್ಮೇಲೆ ಬಂದವ್ರೆ ಕಣ್ರೀ. ಅದು ಏನೂಂತ ಗೊತ್ತಾದ್ರೆ ಈಗ್ಲೇ ಗುಬ್ಬಿ ಬಸ್ಸು ಹತ್ತಾರೆ. ಮತ್ತೆ ಈ ಜನ್ಮದಲ್ಲಿ ಬರಲ್ಲ. ನಿಮ್ಮ ದಮ್ಮಯ್ಯ, ಸುಮ್ನಿರಿ."

ನಾನು ಸುಮ್ಮನಾದೆ. ಡ್ರಮ್ಮೂ ಸುಮ್ಮನಾಯಿತು. ಭಾನುವಾರಗಳು ಸೊಪ್ಪುಸಾರಿನಲ್ಲಿ ಕಳೆದವು. ಎದುರು ಮನೆಯ ಯಜಮಾನರು ಗೇಟಿನ ಹೊರಗೆ ನಿಂತು "ಏನ್ ಸಾರ್, ಈ ವಾರಾನೂ ಇಲ್ವಾ?" ಎಂದು ಗಟ್ಟಿಯಾಗಿ ಕೇಳಿದಾಗ ನಾನು ಓಡಿ ಹೋಗಿ ಅವರ ಬಾಯಿ ಮುಚ್ಚುವುದೊಂದು ಬಾಕಿ. ವಿಷಯ ತಿಳಿದ ಮೇಲೆ ಅವರು ಇನ್ನೂ ದೊಡ್ಡ ತಲೆನೋವಾದರು. ಬೆಳಿಗ್ಗೆ ವಾಕಿಂಗ್ ಹೋಗುವಾಗ ನಮ್ಮ ಮೂಲೆಯ ಕಡೆ ತಿರುಗಿ ಕೈ ಮುಗಿದು, ನನ್ನ ಕಡೆ ಕಣ್ಣು ಮಿಟುಕಿಸಿ ಹೋಗುತ್ತಿದ್ದರು. ಅವರನ್ನು ನೋಡಿ ಹಾಲಿನವನೂ ಕೈ ಮುಗಿಯಲು ಶುರು ಮಾಡಿದ. ಅವನಿಗೆ ಕಣ್ಣು ಮಿಟುಕಿಸುವಷ್ಟು ವಿಷಯ ಗೊತ್ತಿರಲಿಲ್ಲ.

ಮೊದಲ ದಿನ ಸಂಜೆ ಅತ್ತೆ ಡ್ರಮ್ಮಿನ ಮುಂದೆ ಕಾರ್ತಿಕದ ದೀಪ ಹಚ್ಚಿಟ್ಟರು. ಮರುದಿನ ಬೆಳಿಗ್ಗೆ ಹಳೆಯ ಪಂಚೆಯ ತುಂಡೊಂದನ್ನು ಎಣ್ಣೆಯಲ್ಲಿ ಅದ್ದಿಕೊಂಡು ಬಂದು ಅದರ ಮೈಗೆಲ್ಲ ಹಚ್ಚತೊಡಗಿದರು. ಬೆನ್ನು, ಪಕ್ಕೆ, ಕಾಲು, ಕಾಲಿನ ಸಂದು. ಕಣ್ಣು ಮಂಜಾದ್ದರಿಂದ ಕೈಯಲ್ಲೇ ತಡಕಿ ತಡಕಿ ಹಚ್ಚುತ್ತಿದ್ದರು. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಸ್ವಲ್ಪ ಹೊತ್ತು ಕೈ ಒಂದೇ ಕಡೆ ನಿಂತ ಹಾಗಾಯಿತು. ಮತ್ತೆ ಹಚ್ಚಿದರು. ಮುಗಿಸಿ ಒಳಗೆ ಬಂದು ನೇರ ಬಚ್ಚಲಿಗೆ ಹೋಗಿ ಸ್ನಾನ ಮಾಡಿದರು.

ದಿನವೂ ಇದೇ ಆಯಿತು. ಸಂಜೆಯ ದೀಪ ಮಾತ್ರ ತುಳಸಿ ಕಟ್ಟೆಗೆ ಹೋಯಿತು. "ಅಲ್ಲಿ ಗಾಳಿಗೆ ನಿಲ್ಲಲ್ಲ," ಎಂದರಂತೆ. ಹೆಂಡತಿ ಒಂದು ದಿನ ಹುಬ್ಬು ಗಂಟಿಕ್ಕಿ ಕೇಳಿದಳು: "ಅಮ್ಮ ಯಾವತ್ತೂ ಸ್ನಾನ ಮಾಡ್ದೆ ದೇವ್ರನ್ನ ಮುಟ್ಟಿದವ್ರಲ್ಲ. ಈಗ ನೋಡಿದ್ರೆ ಮುಟ್ಟಿ ಆಮೇಲೆ ಸ್ನಾನ ಮಾಡ್ತಾರಲ್ಲ?"

"ಸೋಲಾರ್ ನೀರು ಬಿಸಿಲು ಬರೋವರ್ಗೂ ಬಿಸಿಯಾಗಲ್ಲ ಕಣೇ, ಅದಕ್ಕೇ," ಎಂದೆ. ಎಲ್ಲದಕ್ಕೂ ನನ್ನ ಹತ್ತಿರ ಒಂದು ಕಾರಣ ತಯಾರಿರುತ್ತದೆ.

ಆ ವರ್ಷ ಕಾರ್ತಿಕದಲ್ಲಿ ಸೈಕ್ಲೋನ್ ಮಳೆ ಹಿಡಿಯಿತು. ಜೋರು ಮಳೆಯಲ್ಲ, ಸೂರ್ಯನ ಮುಖ ಕಾಣಿಸದ ಜಿಟಿಜಿಟಿ. ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಗೇಟಿನ ಚಿಲಕ ಕೆಂಪಾಯಿತು. ನನ್ನ ಬೈಕಿನ ಚೈನು ಕೆಂಪಾಯಿತು. ಡ್ರಮ್ಮಿನ ಮೈಮೇಲೆ ಮಾತ್ರ ಎರಚಲಿನ ಹನಿಗಳು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಬೀಳುತ್ತಿದ್ದವು. ಡ್ಯೂಟಿಗೆ ಹೊರಡುವ ಮುಂಚೆ ನಾನು ಸುತ್ತ ಬಂದು, ಬಗ್ಗಿ, ಕಾರ್ಖಾನೆಯಲ್ಲಿ ನೋಡುವ ಹಾಗೆಯೇ ನೋಡುತ್ತಿದ್ದೆ. ಎಸೆಯಲು ಒಂದು ಚುಕ್ಕಿಯೂ ಸಿಗುತ್ತಿರಲಿಲ್ಲ. ನಾನು ಪ್ರದಕ್ಷಿಣೆ ಹಾಕುವುದನ್ನು ಹಾಲಿನವನು ಭಕ್ತಿಯಿಂದ ನೋಡುತ್ತಿದ್ದ.

ನಿಜ ಹೇಳುತ್ತೇನೆ, ಆ ಚಳಿಗಾಲ ನಮ್ಮ ಮನೆ ಬೇರೆಯೇ ಆಗಿತ್ತು. ಸಂಜೆ ಬಾಗಿಲು ತೆಗೆದರೆ ಅವರೆಕಾಯಿಯ ಸೊಗಡು. ಅಮ್ಮ ಮಗಳು ನಡುಮನೆಯಲ್ಲಿ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಾ, ಯಾರದೋ ಮದುವೆಯಲ್ಲಿ ಯಾರೋ ಜಾರಿ ಬಿದ್ದ ಕತೆ ಹೇಳಿಕೊಂಡು ನಗುತ್ತಿರುವುದು. ನನ್ನ ಹೆಂಡತಿ ಹಾಗೆ ಬಾಯಿ ತುಂಬ ನಗುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅತ್ತೆ ಆಗಲೂ ನನ್ನನ್ನು ನೇರ ಮಾತಾಡಿಸುತ್ತಿರಲಿಲ್ಲ. ಆದರೆ "ಅವ್ರು ಭಾನುವಾರಾನೂ ಸೊಪ್ಪೇ ತಿಂತಾರಲ್ಲೇ, ಪಾಪ" ಎಂದು ಒಮ್ಮೆ ಹೇಳಿದ್ದು ಕಿವಿಗೆ ಬಿತ್ತು. ಭಕ್ತಿಗೆ ಮೆಚ್ಚಿ ಹೇಳಿದರು ಎಂದುಕೊಂಡು ತಲೆ ತಗ್ಗಿಸಿದೆ.

ಸಂಕ್ರಾಂತಿ ಕಳೆಯಿತು. ಶುಗರ್ ಹತೋಟಿಗೆ ಬಂತು. ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು. ಹೆಂಡತಿ ಸಂತೋಷದಿಂದ ಮನೆಗೆ ಬಂದವಳು ಗೇಟು ದಾಟುತ್ತಲೇ ಮೂಲೆ ನೋಡಿ ಬಿಳುಚಿಕೊಂಡಳು. ನನಗೂ ಆಗಲೇ ಹೊಳೆದದ್ದು. ಅತ್ತೆಗೆ ಇನ್ನು ಕಣ್ಣು ಕಾಣುತ್ತದೆ!

"ಕುಣಿಗಲ್ಲಿಗೆ ಸಾಗಿಸಿಬಿಡೋಣ," ಎಂದೆ.

"ಬಸವಪ್ಪ ಎಲ್ಲಿ ಅಂದ್ರೆ ಏನ್ ಹೇಳ್ಲಿ?"

"ಮೇಯಕ್ಕೆ ಹೋಗವ್ನೆ ಅನ್ನು."

 ನಿಜವಾದ ಕಲ್ಲಿನ ಬಸವನನ್ನೇ ತಂದು ಆ ಜಾಗದಲ್ಲಿ ಕೂರಿಸುವ ಯೋಚನೆಯನ್ನೂ ಮುಂದಿಟ್ಟೆ. "ದೇವ್ರ ಹೆಸ್ರಲ್ಲಿ ಇನ್ನೊಂದು ಸುಳ್ಳು ಬೇಡ" ಎಂದಳು. ಕೊನೆಗೆ ಆಪರೇಷನ್ನಿಗೆ ಮುಂಚೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು ಎಂದು ತೀರ್ಮಾನವಾಯಿತು. ಯಾರು ಹೇಳುವುದು? ಅವಳಿಗೆ ಧೈರ್ಯವಿಲ್ಲ. ನನಗೆ ಧೈರ್ಯವಿದ್ದರೂ ಅತ್ತೆ ನನ್ನ ಜೊತೆ ಮಾತಾಡುವುದಿಲ್ಲ. "ನಿಮ್ಮಮ್ಮಂಗೆ ಹೇಳು, ಅದು ಬಸವಪ್ಪ ಅಲ್ವಂತೆ ಅಂತ" ಎಂದು ಅವಳ ಮೂಲಕವೇ ಹೇಳಿಸಬೇಕಿತ್ತು.

ಅಷ್ಟರಲ್ಲಿ ಅಣ್ಣನ ಫೋನು. "ಯುಗಾದಿ ಆದ್ ಮಾರ್ನೇ ದಿನ ಹೊಸ್ತೊಡ್ಕುಗೆ ನಾವೆಲ್ಲ ಅಲ್ಲಿಗೇ ಬತ್ತೀವಿ ಕಣ್ಲಾ. ಮರಿ ನಾನ್ ತತ್ತೀನಿ. ಡ್ರಮ್ ರೆಡಿ ಮಾಡ್ಕೊ."

"ಡ್ರಮ್ಮು ಈಗ ದೇವ್ರಾಗದೆ ಅಣ್ಣ," ಎಂದು ಎಲ್ಲ ಹೇಳಿದೆ. ಅಣ್ಣ ಬಹಳ ಹೊತ್ತು ನಕ್ಕ. ಆಮೇಲೆ, "ಹೋಗ್ಲಿ ಬುಡು, ನಾನ್ ಮಾಡ್ಸಿದ್ದಕ್ಕೆ ಕೈ ಮುಗಿಯೋರೂ ಒಬ್ರು ಸಿಕ್ಕುದ್ರಲ್ಲ" ಎಂದ.

ನಗಲು ನನಗೆ ಆಗಲಿಲ್ಲ. ಡ್ರಮ್ಮು ಗುಜರಿಗೆ ಹೋದರೂ ಹೋಗಲಿ, ನಡುಮನೆಯ ಆ ನಗು ಹೋಗಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. 

ಹೇಳುವುದು ನಾಳೆ ನಾಳೆ ಎನ್ನುತ್ತಲೇ ಆಪರೇಷನ್ನು ಮುಗಿದುಹೋಯಿತು. ಮೊದಲು ಒಂದು ಕಣ್ಣು, ಸ್ವಲ್ಪ ದಿನ ಬಿಟ್ಟು ಇನ್ನೊಂದು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕೋಣೆಯಲ್ಲೇ ಇದ್ದರು. ನೀರು, ಎಣ್ಣೆ, ಧೂಳು ಯಾವುದೂ ಕಣ್ಣಿಗೆ ತಾಕಬಾರದಂತೆ. "ಎಣ್ಣೆ ಹಚ್ಚೋದು ಮಾತ್ರ ಬಿಡ್ಬ್ಯಾಡಿ ಅಂತ ಅವ್ರಿಗೆ ಹೇಳು" ಎಂದು ಒಳಗಿನಿಂದಲೇ ಅಪ್ಪಣೆಯಾಯಿತು. ನಾನು ಬೆಳಿಗ್ಗೆ ಸ್ನಾನ ಮಾಡಿ, ಮಡಿಯಲ್ಲಿ, ಒಳ್ಳೆಯ ಪೂಜಾರಿಯ ಹಾಗೆ ಡ್ರಮ್ಮಿಗೆ ಎಣ್ಣೆ ಹಚ್ಚಿದೆ. ಮುಚ್ಚಳ ಎತ್ತಿ ಒಳಗೆ ನೋಡುವ ಧೈರ್ಯ ಮಾತ್ರ ಅವರು ಬಂದ ದಿನದಿಂದ ಮಾಡಿರಲಿಲ್ಲ.

ಯುಗಾದಿಗೆ ಇನ್ನೊಂದು ವಾರವಿತ್ತು. ಡಾಕ್ಟರು ಕಪ್ಪು ಕನ್ನಡಕ ತೆಗೆಯಬಹುದು ಎಂದ ಮರುದಿನ ಬೆಳಿಗ್ಗೆ ನಾನು ನೀರಿನ ತೊಟ್ಟಿಯ ಹತ್ತಿರ ಹಲ್ಲುಜ್ಜುತ್ತಿದ್ದೆ. ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಕನ್ನಡಕವಿಲ್ಲ. ಮೊದಲು ಬಿಸಿಲು ನೋಡಿದರು, ರಂಗೋಲಿ ನೋಡಿದರು, ಮಗಳ ಮುಖವನ್ನು ಗಲ್ಲ ಹಿಡಿದು ನೋಡಿದರು. "ಕೂದ್ಲು ನೆರೀತಾ ಬಂತಲ್ಲೇ" ಎಂದರು. ಆಮೇಲೆ ಮೂಲೆಯ ಕಡೆ ನಡೆದರು.

ಹೆಂಡತಿ ಕಾಫಿ ಲೋಟ ಹಿಡಿದು ಹೊಸ್ತಿಲಲ್ಲೇ ನಿಂತಳು. ಅತ್ತೆ ಕಟ್ಟೆಯ ಮುಂದೆ ನಿಂತು ಕರಟದಿಂದ ಕಾಲಿನವರೆಗೆ, ಮುಂದಿನಿಂದ ಹಿಂದಿನವರೆಗೆ ನಿಧಾನವಾಗಿ ನೋಡಿದರು. ನಾನು ಕಾರ್ಖಾನೆಯಲ್ಲಿ ನೋಡುವುದೂ ಹಾಗೆಯೇ. ಎಸೆಯುವ ಮುಂಚೆ.

"ಅಳಿಯಂದ್ರೇ," ಎಂದರು.

ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಕರೆದದ್ದು ನನ್ನನ್ನೇ.

"ಮುಚ್ಚಳ ತೆಗೀರಿ."

ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟೆ. ಹೋಗಿ ಮುಚ್ಚಳ ಎತ್ತಿದೆ. ಕೀಲು ಒಂದಿಷ್ಟೂ ಸದ್ದು ಮಾಡದೆ ಬೆಣ್ಣೆಯಂತೆ ತಿರುಗಿತು. ಒಳಗೆ ಮಾಂಸ ಇಡುವ ಜಾಲರಿ ಕೆಂಪಗಾಗಿತ್ತು. ತಳದಲ್ಲಿ ಅಂದಿನ ಬೂದಿ ಹಾಗೇ ಗಂಟು ಕಟ್ಟಿಕೊಂಡು ಸುತ್ತಲಿನ ಕಬ್ಬಿಣವನ್ನು ತಿಂದಿತ್ತು.

"ನೋಡ್ರಿ ಮತ್ತೆ," ಎಂದರು ಅತ್ತೆ. "ಹೊರಗೆಲ್ಲಾ ನಾನ್ ನೋಡ್ಕೊಂಡೆ. ಒಳಗಾದ್ರೂ ನೀವು ನೋಡ್ಕೋಬಾರ್ದಾ? ಬೂದಿ ಹಂಗೇ ಬಿಟ್ರೆ ತುಕ್ಕು ಹಿಡೀದೇ ಇರ್ತದಾ? ಕಂಪ್ನೀಲಿ ಇದೇ ಕೆಲಸವಂತೆ ನಿಮ್ದು!"

ಹೆಂಡತಿ ಕಾಫಿ ಲೋಟವನ್ನು ಹೊಸ್ತಿಲ ಮೇಲಿಟ್ಟಳು. "ಅಮ್ಮಾ, ನಿಂಗೆ ಗೊತ್ತಿತ್ತಾ?"

"ಬಂದ್ ದಿನ ಗೊತ್ತಿರ್ಲಿಲ್ಲ ಕಣೇ. ಮಾರ್ನೇ ದಿನ ಎಣ್ಣೆ ಹಚ್ಚುವಾಗ ಕೈಗೆ ಸಿಕ್ತು. ಬಸವಪ್ಪನ ಬೆನ್ನಿಗೆ ಯಾರಾದ್ರೂ ಕೀಲು ಹಾಕುಸ್ತಾರಾ? ಆಮೇಲೆ ವಾಸ್ನೇನೂ ಬಂತು. ಕಣ್ಣು ಹೋಗಿತ್ತು, ಮೂಗೇನ್ ಹೋಗಿರ್ಲಿಲ್ಲ."

ಎಣ್ಣೆ ಹಚ್ಚಿದ ಮೇಲೆ ಸ್ನಾನ ಯಾಕೆ, ದೀಪ ತುಳಸಿ ಕಟ್ಟೆಗೆ ಯಾಕೆ ಹೋಯಿತು ಎಂಬುದು ನನಗೆ ಆಗ ಗೊತ್ತಾಯಿತು. ದೇವರೆಂದು ಮುಟ್ಟಿದ್ದರೆ ಸ್ನಾನ ಮೊದಲಾಗುತ್ತಿತ್ತು. ಮಾಂಸದ ಪಾತ್ರೆ ಎಂದು ಗೊತ್ತಿದ್ದೇ, ಚಳಿಯಲ್ಲಿ, ಮಂಜುಗಣ್ಣಿನಲ್ಲಿ, ದಿನವೂ ಮುಟ್ಟಿದ್ದರು. ಸೋಲಾರ್ ನೀರಂತೆ!

"ಗೊತ್ತಿದ್ದೂ ಯಾಕಮ್ಮ ಎಣ್ಣೆ ಹಚ್ಚಿದೆ?" ಎಂದಳು ಮಗಳು.

ಅತ್ತೆ ಉತ್ತರವನ್ನು ಮಗಳಿಗೆ ಕೊಡಲಿಲ್ಲ. ನನ್ನ ಮುಖ ನೋಡಿಕೊಂಡೇ ಹೇಳಿದರು. "ನಾನು ಬಂದೆ ಅಂತ ನೀವು ನಿಮ್ಮ ಮನೇಲಿ ನಿಮ್ಮೂಟ ಬಿಟ್ಟು ಕೂತ್ರಿ. ಒಂದ್ ದಿನಾನೂ ಮುಖ ಸಿಂಡರಿಸ್ಲಿಲ್ಲ. ನಾನೂ ಏನಾದ್ರೂ ಮಾಡ್ಬೇಕಲ್ಲಪ್ಪ? ತಿನ್ನೋದು ನನ್ನ ಕೈಲಾಗಲ್ಲ, ಬೇಯ್ಸೋದೂ ಆಗಲ್ಲ. ತುಕ್ಕು ಹಿಡೀದಂಗೆ ನೋಡ್ಕೊಳ್ಳೋದು ಆಯ್ತದೆ."

ನನ್ನ ಕಣ್ಣು ತುಂಬಿ ಬಂತು. ಪೇಸ್ಟಿನ ಖಾರ ಎಂದು ಹೇಳಿ ತೊಟ್ಟಿಯ ಕಡೆ ತಿರುಗಿದೆ. ಯಾರೂ ನಂಬಲಿಲ್ಲ. ಹೆಂಡತಿ ಹೊಸ್ತಿಲಲ್ಲೇ ಕೂತು ನಗುತ್ತಾ ಅಳುತ್ತಿದ್ದಳು.

ಅತ್ತೆ ಆ ವಾರ ಊರಿಗೆ ಹೊರಡುವವರಿದ್ದರು. ಹೊರಡಲಿಲ್ಲ. ಎಣ್ಣೆ ಡಬ್ಬ ಇನ್ನೂ ಮುಗಿದಿಲ್ಲ ಎಂದರು. ಮುಗಿಯುತ್ತಾ ಬಂದಾಗ ಮಗನಿಗೆ ಹೇಳಿ ಗುಬ್ಬಿ ಬಸ್ಸಿನಲ್ಲಿ ಇನ್ನೊಂದು ಡಬ್ಬ ತರಿಸಿದರು.

ಹೊಸತೊಡಕಿನ ದಿನ ಅಣ್ಣ ಮರಿಯ ಮಾಂಸ ಹೊತ್ತು ಬಂದ. ಕೆರೆದು ತೊಳೆದು ಒಣಗಿಸಿದ ಡ್ರಮ್ಮಿನ ಮುಖದಿಂದ ವಿಭೂತಿಯನ್ನು ಹೆಂಡತಿಯೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ಮುಗಿದು, ಒಳಗೆ ಹೋಗಿ ಕಿಟಕಿಗಳನ್ನೆಲ್ಲ ಜಡಿದಳು. ಮೊದಲ ಹೊಗೆ ಎದ್ದಾಗ ಎದುರು ಮನೆಯ ಯಜಮಾನರು ತಟ್ಟೆ ಸಮೇತ ಪ್ರತ್ಯಕ್ಷರಾದರು. ಹಾಲಿನವನು ಗೇಟಿನ ಹತ್ತಿರ ಬಾಯಿ ತೆರೆದು ನಿಂತವನು, ವಿಷಯ ಅರ್ಥವಾದ ಮೇಲೆ ತಾನೂ ಒಂದು ತುಂಡು ತಿಂದು ಹೋದ.

ಸಂಜೆ ಎಲ್ಲರೂ ಹೊರಟ ಮೇಲೆ ನಾನು ಕಟ್ಟೆಯ ಮೇಲೆ ಹೊಟ್ಟೆ ಸವರುತ್ತಾ ಕೂತಿದ್ದೆ. ಜಡಿದಿದ್ದ ಕಿಟಕಿಗಳಲ್ಲಿ ಒಂದು ಸ್ವಲ್ಪವೇ ತೆರೆಯಿತು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡಿದ್ದ ಅತ್ತೆಯ ಮುಖ ಕಾಣಿಸಿತು.

"ಅಳಿಯಂದ್ರೇ, ಕೂತಿದ್ದು ಸಾಕು. ಬೂದಿ ತೆಗೀರಿ, ಬಿಸಿ ಆರೋದ್ರೊಳಗೆ ಎಣ್ಣೆ ಹಚ್ರಿ. ಆಮೇಲೆ ತಲೆಗೆ ನೀರು ಹಾಕ್ಕೊಂಡು ಒಳಗ್ ಬನ್ನಿ, ನಿಮ್ಗೇ ಅಂತ ಒಬ್ಬಟ್ಟು ಎತ್ತಿಟ್ಟಿದ್ದೀನಿ."